ಸೀರೀಸ್ ಮಾಣಿ

ಹೆಮ್ಮಾಡಿ ಜಂಕ್ಷನ್ನಿನಲ್ಲಿ ಕೊಲ್ಲೂರು ಬಸ್ಸಿಗೆ ಕಾಯುವವರು ಬೋರ್ಡು ನೋಡುತ್ತಾರೆ. ಸೀರೀಸ್ ಮಾಣಿ ನೋಡುವುದು ನಂಬರ್ ಪ್ಲೇಟು. ಕೆ ಹನ್ನೊಂದು, ಎ ಒಂದು, ಇಪ್ಪತ್ತಕ್ಕೆ ಟಿ. ಬಸ್ಸು ತಪ್ಪಿದರೂ ಬೇಸರವಿಲ್ಲ, ಇನ್ನೊಂದು ಪ್ಲೇಟು ಬರುತ್ತದಲ್ಲ!

ಡಿಗ್ರಿ ಮುಗಿಸಿದಂದಿನಿಂದ ಅವನು ಬ್ಯಾಂಕು, ರೈಲ್ವೆ, ಎಫ್‌ಡಿಎ, ಎಸ್‌ಡಿಎ ಯಾವುದನ್ನೂ ಬಿಟ್ಟವನಲ್ಲ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ವಯೋಮಿತಿ 28. ಮಾಣಿಯ ನೆತ್ತಿ ನೋಡಿದರೆ ಅದು ದಾಟಿ ಬಹಳ ಕಾಲವಾದಂತಿದೆ.

ಆ ಪರೀಕ್ಷೆಗಳ ಅಕ್ಷರ ಸೀರೀಸ್ ಬಿಡಿಸಲು ಅವನ ಮೂಲಮಂತ್ರ ‘ಇಜೋಟಿ’. ಇ ಐದು, ಜೆ ಹತ್ತು, ಓ ಹದಿನೈದು, ಟಿ ಇಪ್ಪತ್ತು, ವೈ ಇಪ್ಪತ್ತೈದು. ಎ, ಬಿ ಬಿಟ್ಟರೆ ಮಿಕ್ಕ ಯಾವ ಅಕ್ಷರವೂ ಇವುಗಳಿಂದ ಎರಡು ಹೆಜ್ಜೆಗಿಂತ ದೂರವಿಲ್ಲ. ಇನ್ನು ಎದುರುಬದುರಿನ ಅಕ್ಷರಗಳು: ಕೂಡಿಸಿದರೆ ಯಾವಾಗಲೂ 27. ಕೆ-ಪಿ ಅಂದರೆ ಕಾನ್ಪುರ, ಜಿ-ಟಿ ಅಂದರೆ ಜಿ.ಟಿ. ರೋಡ್. ಎರಡನ್ನೂ ಅವನು ಕಂಡಿಲ್ಲ. ಎಲ್-ಓ ಅಂದರೆ ಲವ್, ಹನ್ನೆರಡು, ಹದಿನೈದು. ಆ ವಿಷಯದಲ್ಲಿ ಅವನ ಅನುಭವ ಇಷ್ಟೇ.

ಊರನ್ನೂ ಬಿಟ್ಟಿಲ್ಲ. ‘ಹೆಮ್ಮಾಡಿ’ಯನ್ನು ಇಂಗ್ಲಿಷಿನಲ್ಲಿ ಬರೆದು ಕೂಡಿಸಿದರೆ, ಕೊನೆಗೆ ವೈ ಹಾಕಿದಾಗ 69, ಐ ಹಾಕಿದಾಗ 53. ಮುಂದಿನ ಹೆದ್ದಾರಿ 66. ಮೂರು ಕಡಿಮೆ ಬಿದ್ದದ್ದಕ್ಕೆ ಹೆದ್ದಾರಿಯವರ ಮೇಲೆ ಅವನಿಗೆ ಸಿಟ್ಟಿದೆ.

ಮದುವೆಯೂಟದಲ್ಲಿ ಅವನ ಪಕ್ಕ ಕೂರಬೇಡಿ. “ಹ್ವಾಯ್, ಬಿ, ಡಿ, ಜಿ, ಕೆ... ಮುಂದೆ?” ನೀವು ಬೆರಳು ಮಡಚಿ ‘ಪಿ’ ಅನ್ನುವಷ್ಟರಲ್ಲಿ ಪಾಯಸದ ಸೌಟು ಮುಂದಿನ ಎಲೆಗೆ ಹೋಗಿರುತ್ತದೆ.

ಮಕರ ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಗೆ ಸೇವಂತಿಗೆ ಕೊಯ್ಯಲು ಗದ್ದೆಗಿಳಿಸಿದರೆ, ಒಂದು ಸಾಲು ಬಿಟ್ಟು, ಆಮೇಲೆ ಎರಡು ಬಿಟ್ಟು, ಮತ್ತೆ ಮೂರು ಬಿಟ್ಟು ಕೊಯ್ದು ಬಂದ. ಅಬ್ಬಿ ಬೈದದ್ದರಲ್ಲಿ ಮಾತ್ರ ಯಾವ ಸಾಲನ್ನೂ ಬಿಟ್ಟಿರಲಿಲ್ಲ.

ಅವನನ್ನು ಕಟ್ಟಿಹಾಕಿದ್ದು ಸಿಂಡಿಕೇಟ್ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರೇ. ಚಾ ಅಂಗಡಿಯಲ್ಲಿ ಕೇಳಿದರು: “ವಿಜಯ, ಸಿಂಡಿಕೇಟ್, ಕಾರ್ಪೊರೇಷನ್. ಮುಂದಿನದ್ ಎಂತ? ಹೇಳ್ ಕಾಂಬ.”

ಮಾಣಿ ಲೆಕ್ಕಕ್ಕಿಳಿದ. ವಿ ಇಪ್ಪತ್ತೆರಡು, ಎಸ್ ಹತ್ತೊಂಬತ್ತು, ಸಿ ಮೂರು. ಮೂರು ಕಳೆದದ್ದು, ಹದಿನಾರು ಕಳೆದದ್ದು... “ಇದ್ರಲ್ ಲಾಜಿಕ್ಕೇ ಇಲ್ಲೆ” ಎಂದ.

“ಲಾಜಿಕ್ ಎಂತಕ್ಕೆ? ಮೊದಲಿನದ್ದು 2019ರಲ್ಲಿ ಬರೋಡಾಕ್ಕೆ ಸೇರ್ತ್, ಉಳಿದೆರಡು 2020ರಲ್ಲಿ ಹೋದ್ವು.”

“ಹಾಂಗಾರೆ ಮುಂದಿನದ್ ಕೆನರಾ!” ಮಾಣಿ ಬೆಂಚು ಕುಟ್ಟಿದ.

ಹಿರಿಯರ ಚಾ ಲೋಟ ಅಲುಗಿತು. “ಸುಮ್ನಿರಾ ಮಾರಾಯಾ! ನನ್ ಪಿಂಚಣಿ ಈಗ ಅಲ್ಲಿಂದಲೇ ಬಪ್ಪುದ್.”