ಮುಖಸಿಪ್ಪೆ ಮೀಮಾಂಸೆ

ಪ್ರಸ್ತುತ ಸಂಪ್ರಬಂಧವು ಮಾನವಮುಖದ ಉಪರಿತಲದಲ್ಲಿ ನೆಲೆಗೊಂಡ ಮೃತಕೋಶಸಮುದಾಯದ ಉಚ್ಚಾಟನೆಯನ್ನು ಆತಪಾಸಹಿಷ್ಣುತೆಯ ಸಂಕಥನದೊಂದಿಗೆ ಮುಖಾಮುಖಿಯಾಗಿಸುವ ವಿನಮ್ರ ಪ್ರಯತ್ನ. ಕನ್ನಡದಲ್ಲಿ ಹೇಳುವುದಾದರೆ, ಮುಖ ಸುಲಿಸಿಕೊಂಡು ಬಿಸಿಲಿಗೆ ಹೋದರೆ ಸುಡುತ್ತದೆ. ಇಷ್ಟು ಸಲೀಸಾಗಿ ಹೇಳಿದರೆ ಯಾರೂ ದುಡ್ಡು ಕೊಡುವುದಿಲ್ಲ.

ಉಚ್ಚಾಟನೆ ಪಂಚವಿಧ. ಒಂದು, ಘರ್ಷಣಮೂಲೀಯ: ಕಡಲೆಹಿಟ್ಟು, ಹೆಸರುಹಿಟ್ಟು, ದೀಪಾವಳಿಯ ಎಣ್ಣೆಸ್ನಾನದಲ್ಲಿ ಅಜ್ಜಿಯ ಅಂಗೈ. ಎರಡು, ಆಮ್ಲಮೂಲೀಯ: ಕಬ್ಬಿನಲ್ಲಿರುವ ಗ್ಲೈಕೋಲಿಕ್, ಹುಳಿಮೊಸರಿನ ಲ್ಯಾಕ್ಟಿಕ್. (ಮಂಡ್ಯದವರು ಬೀಗಬೇಕಿಲ್ಲ, ಬಾಟಲಿಗೆ ಬರುವುದು ಬಹುಪಾಲು ಕಾರ್ಖಾನೆಯದೇ.) ಸತ್ತ ಕೋಶಗಳನ್ನು ಹಿಡಿದಿಟ್ಟ ಅಂಟನ್ನು ಇವು ಸಡಿಲಿಸುತ್ತವೆ, ತಾನಾಗಿ ತಿಂಗಳಲ್ಲಿ ಉದುರಬೇಕಾದ್ದು ಅವಸರದಲ್ಲಿ ಉದುರುತ್ತದೆ. ಮೂರು, ಕಂತುಮೂಲೀಯ: ‘ಐದು ಸಿಟಿಂಗ್ ತಗೊಂಡ್ರೆ ಒಂದು ಫ್ರೀ ಮೇಡಂ’. ನಾಲ್ಕು, ಐದನ್ನು ಓದುಗರೇ ಊಹಿಸಿಕೊಳ್ಳಲಿ, ನನಗೆ ಸಾಕಾಯಿತು.

ಸಾಕಾದದ್ದು ಅಕ್ಕನ ಮಗಳ ದೆಸೆಯಿಂದ. ಮೇ ತಿಂಗಳ ಮದುವೆ. ಗಂಡಿನ ಕಡೆಯ ಹೆಂಗಸೊಬ್ಬರು ‘ಹುಡುಗಿ ಲಕ್ಷಣವಾಗಿದಾಳೆ, ಬಣ್ಣ ಒಂಚೂರು...’ ಎಂದು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಉಳಿದರ್ಧವನ್ನು ಕ್ಲಿನಿಕ್ಕು ಪೂರೈಸಿತು. ಎಪಿಡರ್ಮಲ್ ರಿನ್ಯೂವಲ್, ರೇಡಿಯನ್ಸ್ ಪ್ರೋಟೋಕಾಲ್, ಸೆಲ್ಯುಲಾರ್ ಟರ್ನೋವರ್ ಎಂದು ನಲವತ್ತು ನಿಮಿಷ ಕೊರೆದರು. ಬಿಸಿಲಿನ ಸುದ್ದಿಯಿಲ್ಲ. ಅದು ಫಾರ್ಮಿನ ಮೂರನೇ ಪುಟದ ಬುಡದಲ್ಲಿ, ಇರುವೆಗಾತ್ರದ ಇಂಗ್ಲಿಷಿನಲ್ಲಿತ್ತು.

ಅಮೆರಿಕದ ಎಫ್‌ಡಿಎ ಇಂಥ ಆಮ್ಲವಿರುವ ಕ್ರೀಮುಗಳ ಮೇಲೆ ಏನು ಬರೆಯಬೇಕೆಂದು 2005ರಲ್ಲೇ ಸೂಚಿಸಿದೆ: ಬಿಸಿಲಿಗೆ ಚರ್ಮ ಹೆಚ್ಚು ಸುಡಬಹುದು, ಸನ್‌ಸ್ಕ್ರೀನ್ ಹಚ್ಚಿ, ಬಳಸುವಷ್ಟು ದಿನವೂ ಬಿಟ್ಟ ಮೇಲೆ ಒಂದು ವಾರವೂ ಬಿಸಿಲಿನಲ್ಲಿ ಹೆಚ್ಚು ಇರಬೇಡಿ. ಇದನ್ನು ಹೇಳಲು ಒಂದು ಗುಟುಕು ಕಾಫಿಯ ಹೊತ್ತು ಬೇಡ!

ಸಿಟಿಂಗಿನ ಮರುದಿನ ಮಟಮಟ ಮಧ್ಯಾಹ್ನ ಅವಳು ಕುಪ್ಪಸ ತರಲು ಸ್ಕೂಟರಿನಲ್ಲಿ ಟೈಲರ್ ಅಂಗಡಿಗೆ ಹೋಗಿಬಂದಳು. ಸಂಜೆಗೆ ಹೆಲ್ಮೆಟ್ಟು ಮುಚ್ಚದಷ್ಟು ಜಾಗ, ಮೂಗು, ಎರಡು ಕೆನ್ನೆ, ಕೆಂಡ. ನಮ್ಮ ಮೈಬಣ್ಣದಲ್ಲಿ ಸುಟ್ಟ ಜಾಗ ಕಪ್ಪುಗಟ್ಟಿ ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಕಪ್ಪು ಕಳೆಯಲು ಹೋಗಿ ಕಪ್ಪು ಕೊಂಡು ತಂದ ಈ ಪ್ರಮೇಯಕ್ಕೆ ಮೇಲಿನ ಪಂಚವಿಧದಲ್ಲಿ ಜಾಗವಿಲ್ಲ. ಮೆಲನಿನ್ ಎಂಬುದು ಹುಟ್ಟುವಾಗಲೇ ಬಿಚ್ಚಿಕೊಂಡು ಬಂದ ಕೊಡೆ. ಅದನ್ನು ರೋಗವೆಂದು ರಸೀದಿ ಬರೆದವರು ಯಾವ ಶಾಸ್ತ್ರ ಓದಿದವರು ಸ್ವಾಮಿ?

ಅರಿಶಿನದ ಶಾಸ್ತ್ರದ ದಿನ ಅಜ್ಜಿ ಬಟ್ಟಲು ಹಿಡಿದು ಮುಂದೆ ಬಂದಳು. ‘ಮುಖಕ್ಕೆ ಬೇಡ ಅಜ್ಜಿ, ಉರಿಯತ್ತೆ.’ ಅಜ್ಜಿ ಏನೂ ಕೇಳಲಿಲ್ಲ. ಮಣೆಯ ಮುಂದೆ ಕಷ್ಟಪಟ್ಟು ಕೂತು, ಎರಡೂ ಅಂಗಾಲಿಗೆ ಹಚ್ಚಿದಳು.