ಪಡಸಾಲೆಯಲ್ಲಿ ಫ್ರೆಂಚ್

ಬೆಂಗಳೂರಿನಲ್ಲಿ ಡಿಗ್ರಿ ಓದುವ ಅಕ್ಕನ ಮಗಳು, ಅಂಕ ಧಾರಾಳವಾಗಿ ಬೀಳುತ್ತವೆಂದು ಫ್ರೆಂಚ್ ತಗೊಂಡಿದ್ದಾಳೆ. ರಜೆಗೆ ಬೇವೂರಿಗೆ ಬಂದವಳು ಪಡಸಾಲೆಯಲ್ಲಿ ಕೂತು ‘ಮಾತಾಡು’ ಎಂಬ ಕ್ರಿಯಾಪದವನ್ನು ಉರು ಹೊಡೆಯುತ್ತಿದ್ದಳು: ಜ ಪಾರ್ಲ್, ತು ಪಾರ್ಲ್, ಇಲ್ ಪಾರ್ಲ್.

ಅಡುಗೆಮನೆಯಿಂದ ಅವ್ವ ಪಾರ್ಲೆ-ಜಿ ಪುಡಿಕೆ ತಂದಿಟ್ಟಳು. “ಒಮ್ಮಿ ಕೇಳಿದ್ರ ಸಾಕಿತ್ತಲ್ಲ ಯವ್ವಾ, ಎಷ್ಟ ಸಲ ಒದರ್ತಿ?”

ಹುಡುಗಿ ಬಿಡಲಿಲ್ಲ. ಫ್ರೆಂಚರಂತೆ ‘ರ’ಕಾರವನ್ನು ಗಂಟಲಿನ ತಳದಿಂದ ಎಳೆಯತೊಡಗಿದಳು. ಈ ಸಲ ಬಂದದ್ದು ಶುಂಠಿ ಕಷಾಯ.

ಪುಸ್ತಕ ಇಸಿದುಕೊಂಡು ನೋಡಿದೆ. ಬರೆಯುವಾಗ ‘ನೀನು’ ಬಂದರೆ ಕೊನೆಗೊಂದು ಎಸ್, ‘ಅವರು’ ಬಂದರೆ ಇ-ಎನ್-ಟಿ. ಬಾಯಿಗೆ ಬಂದರೆ ಎಲ್ಲ ಗುಳುಂ, ಉಳಿಯುವುದು ಅದೇ ಪಾರ್ಲ್. ‘ನಾವು’ ಪಾರ್ಲೋಂ, ‘ನೀವು’ ಪಾರ್ಲೇ, ಇವೆರಡೇ ಕಿವಿಗೆ ಬೇರೆ. ಬಾಲ ನುಂಗಿದ ಮೇಲೆ ಯಾರ ಮಾತೆಂದು ತಿಳಿಯಬೇಕಲ್ಲ, ಅದಕ್ಕೇ ಮುಂದೆ ‘ಜ’, ‘ತು’ ಇರಲೇಬೇಕು. ನಮ್ಮಲ್ಲಿ “ಬಂದ್ಳು” ಅಂದರೆ ಮುಗಿಯಿತು. ಹೆಣ್ಣೆಂದು ಕ್ರಿಯಾಪದ ಹೇಳುತ್ತದೆ, ಯಾರೆಂದು ಓಣಿ ಹೇಳುತ್ತದೆ.

ಭೂತಕಾಲ ಇನ್ನೂ ಮಜಾ. ಮಾತಾಡಿ ಮುಗಿಸಿದ್ದಕ್ಕೊಂದು ರೂಪ, ಮಾತಾಡುತ್ತಲೇ ಇದ್ದದ್ದಕ್ಕೊಂದು. ಕಿವಿಗೆ ಎರಡೂ ಹೆಚ್ಚುಕಮ್ಮಿ ಒಂದೇ: ಜೇ ಪಾರ್ಲೇ, ಜ ಪಾರ್ಲೆ. ನಮ್ಮೂರ ಕಟ್ಟೆಯ ಹರಟೆಗೆ ಎರಡನೆಯದೇ ಸಾಕು. ಮೊದಲನೆಯದರ ಪ್ರಸಂಗವೇ ಬಂದಿಲ್ಲ.

ಭವಿಷ್ಯತ್ ಕಾಲ ಮಾತ್ರ ನನಗೆ ಹಿಡಿಸಿತು. ‘ನನಗೆ ಮಾತಾಡುವುದಿದೆ’ ಎಂಬಂಥ ಹಳೆಯ ಲ್ಯಾಟಿನ್ ಪ್ರಯೋಗ ಸವೆದು ಸವೆದು ‘ಪಾರ್ಲರೇ’ ಆಯಿತು. ಅಂದರೆ ಅವರ ನಾಳೆ ತಲೆಯ ಮೇಲಿನ ಹೊರೆ. ನಮ್ಮ ಶಾಲೆಯಲ್ಲಿ ‘ಮಾಡುವೆನು’ ಎಂದು ಬರೆಸುತ್ತಾರೆ ನಿಜ, ಬಾಯಲ್ಲಿ ಇವತ್ತಿಗೂ ನಾಳೆಗೂ ಒಂದೇ ‘ಮಾಡ್ತೀನಿ’. ಅವ್ವ ಇಳಕಲ್ ಸೀರೆಗೆ ಒಪ್ಪುವ ಗುಳೇದಗುಡ್ಡದ ಖಣವನ್ನು ಕುಪ್ಪಸಕ್ಕೆ ಕೊಟ್ಟು ಬಂದಿದ್ದಾಳೆ. ಹೋದಾಗಲೆಲ್ಲ ದರ್ಜಿ, “ನಾಳಿ ಕೊಡ್ತೀನ್ರಿ ಯವ್ವಾರ” ಅನ್ನುತ್ತಾನೆ. ಅದು ವರ್ತಮಾನವೋ ಭವಿಷ್ಯತ್ತೋ, ಕನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಬಂದರೂ ಹೇಳಲಾರ.

ಕಲಿಯುವವರು ಹೆದರಬೇಕಿಲ್ಲ. ಫ್ರೆಂಚಿನ ಬಹುಪಾಲು ಕ್ರಿಯಾಪದಗಳು ‘ಮಾತಾಡು’ ಹೋದ ದಾರಿಯಲ್ಲೇ ಹೋಗುತ್ತವೆ. ಅಡ್ಡದಾರಿ ಹಿಡಿದು ಕಾಡುವವು ‘ಇರು’, ‘ಹೋಗು’ ತರಹದ ದಿನಬಳಕೆಯವು. ಆದ್ದರಿಂದ ಮೊದಲು ಮಾತಾಡಿ. ಇರುವುದು, ಹೋಗುವುದು ಆಮೇಲೆ ನೋಡಿಕೊಂಡರಾಯಿತು.