ಹಿತ್ತಲ ಸ್ಕ್ರೂ ಮದ್ದಲ್ಲ

ಸ್ವೀಡನ್ನಿನ ಗೋಥೆನ್‌ಬರ್ಗಿನ ನಮ್ಮ ಮನೆಯಲ್ಲಿ, ಅತ್ತೆ ಬೆಂಗಳೂರಿನಿಂದ ಕಳಿಸಿದ್ದ ಕೋಡುಬಳೆ ಕಡಿದೆ. ಕಟಕ್ ಅಂದಿತು. ಕೊನೆಗೂ ಮುರಿಯಿತಲ್ಲ ಎಂದು ಹಿಗ್ಗಿದೆ. ಮುರಿದದ್ದು ಕೋರೆಹಲ್ಲಿನ ಪಕ್ಕದ ಹಲ್ಲು. ಕೋಡುಬಳೆ ಇದ್ದ ಹಾಗೇ ಇತ್ತು.

ಇಲ್ಲಿನ ದಂತವೈದ್ಯೆ ಬೇರೇ ಸೀಳಿದೆ, ಇಂಪ್ಲಾಂಟ್ ಆಗಬೇಕು ಎಂದು ಅಂದಾಜುಪಟ್ಟಿ ಕೊಟ್ಟರು: 25,000 ಕ್ರೋನಾರ್. ಕಾಫಿ ಕುಡಿದರೂ ರೂಪಾಯಿಗೆ ಗುಣಿಸುವ ಜಾತಿ ನನ್ನದು. ಎರಡು ಲಕ್ಷ ದಾಟಿತು! ಪಟ್ಟಿ ಮಡಚಿ ಜೇಬಿಗೆ ತುರುಕಿ, "ಬೆಂಗಳೂರಲ್ಲಿ ಕಾಲುಭಾಗಕ್ಕೆ ಮುಗಿಸ್ತೀನಿ" ಎಂದು ಘೋಷಿಸಿದೆ. "ಅಮ್ಮನ್ನ ನೋಡಿ ಎರಡು ವರ್ಷ ಆಯ್ತು" ಎಂದಳು ಹೆಂಡತಿ. ಮಕ್ಕಳನ್ನು ಬಿಟ್ಟುಹೋಗಲಾದೀತೇ? ಒಂದು ಹಲ್ಲಿನ ಹಿಂದೆ ನಾಲ್ಕು ಬಾಯಿ ವಿಮಾನ ಹತ್ತಿದವು.

ಬೆಂಗಳೂರಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿ, ಸ್ಕ್ರೂ ತಿರುಗಿಸುತ್ತ ಪಾಠ ಶುರುಮಾಡಿದರು. "ಇದು ಟೈಟೇನಿಯಂ ಸಾರ್. ಬ್ರೋನೆಮಾರ್ಕ್ ಅಂತ ಒಬ್ಬರು 1952ರಲ್ಲಿ ಮೊಲದ ಮೂಳೆಗೆ ಹಾಕಿದ್ದ ಟೈಟೇನಿಯಂ ಉಪಕರಣವನ್ನ ಇನ್ನೊಂದ್ಸಲ ಬಳಸೋಣ ಅಂತ ಎಳೆದ್ರೆ, ಬರಲೇ ಇಲ್ಲ! ಮೂಳೆ ಅಪ್ಪಿಕೊಂಡುಬಿಟ್ಟಿತ್ತು." (ಅವರ ಉಳಿತಾಯ ಬುದ್ಧಿಯಿಂದ ಲೋಕಕ್ಕೆ ಹಲ್ಲು ಬಂತು. ನನ್ನದರಿಂದ ಏನಾಯಿತೆಂದು ಹೇಳುತ್ತೇನೆ.) "1965ರಲ್ಲಿ ಮೊದಲ ರೋಗಿಗೆ ಹಾಕಿದ್ರು. ಆತ 2006ರಲ್ಲಿ ಸಾಯೋವರೆಗೂ ಅದರಲ್ಲೇ ಅಗಿದ. ಎಲ್ಲಿ ಗೊತ್ತಾ? ಗೋಥೆನ್‌ಬರ್ಗ್! ಅಂದ ಹಾಗೆ, ನೀವಿರೋದೆಲ್ಲಿ?"

"ಗೋ... ಗೋ..." ಎಂದೆ, ಹತ್ತಿಯ ನಡುವಿನಿಂದ.

"ಗೋವಾನಾ? ಒಳ್ಳೇ ಊರು."

ಕೈ ತೊಳೆಯುತ್ತ ಅಂದರು: "ಮೂಳೆ ಬೆಸೆಯೋಕೆ ನಾಲ್ಕು ತಿಂಗಳು ಬೇಕು. ಆಮೇಲೆ ಬನ್ನಿ, ಕ್ಯಾಪ್ ಕೂರಿಸೋಣ. ಗೋವಾ ಏನು, ರಾತ್ರಿ ಬಸ್ ಹತ್ತಿದ್ರೆ ಆಯ್ತು."

ಬರಿಗೈಯಲ್ಲಲ್ಲದಿದ್ದರೂ ಬರಿಸಂದಿಯಲ್ಲಿ ಸ್ವೀಡನ್‌ಗೆ ಮರಳಿದೆ. ಎರಡನೇ ಟಿಕೆಟ್ ತೆಗೆಸಿದ ರಾತ್ರಿ, ಒಗೆಯಲು ಹಾಕಿದ್ದ ಕೋಟಿನಿಂದ ಹೆಂಡತಿ ಆ ಅಂದಾಜುಪಟ್ಟಿ ತೆಗೆದು ಕೆಳಭಾಗ ಓದಿದಳು. ಇಲ್ಲಿ ವಯಸ್ಕರ ಹಲ್ಲಿಗೂ ಸರ್ಕಾರದ ಆಸರೆಯಿದೆ: ಅವರೇ ನಿಗದಿಪಡಿಸಿದ ದರದಲ್ಲಿ 3,000 ಕ್ರೋನಾರ್ ದಾಟಿದ್ದಕ್ಕೆ ಅರ್ಧ, 15,000 ದಾಟಿದ್ದಕ್ಕೆ ಶೇ. 85 ಅವರದು. ನನ್ನ ಪಾಲು 10,500ರ ಆಸುಪಾಸು. ವಿಮಾನಕ್ಕೇ ಅದರ ನಾಲ್ಕರಷ್ಟು ಸುರಿದಿದ್ದೆ.

ಅವಳು ಬೈಯಲಿಲ್ಲ. ಕ್ಯಾಲ್ಕುಲೇಟರನ್ನು ನನ್ನ ದಿಂಬಿನ ಪಕ್ಕ ಇಟ್ಟು ಮಲಗಿದಳು.

ನಾಲ್ಕು ತಿಂಗಳ ಮೇಲೆ ಕ್ಯಾಪ್ ಕೂತಿತು. ಅಳಿಯನ ಹೊಸ ಹಲ್ಲಿನ ಗೌರವಾರ್ಥ ಅತ್ತೆ ಬಿಸಿಬಿಸಿ ಕೋಡುಬಳೆ ಮಾಡಿ ತಟ್ಟೆ ಮುಂದಿಟ್ಟರು. ನಾನು ಮೊಸರನ್ನ ಕೇಳಿದೆ.